ದೀಕ್ಷಾಸ್ನಾನವೂ ದೃಢೀಕರಣವೂ

ಹುಟ್ಟಿದ ಕೂಸಿನ ಕೊರಳಿಗೆ ಗುರುವು ಲಿಂಗವನ್ನು ಕಟ್ಟಿ, ಅದು ತಿಳಿವಳಿಕೆಗೆ ಬಂದಮೇಲೆ ವಿಧ್ಯುಕ್ತವಾಗಿ ದೀಕ್ಷೆ ಕೊಡುವ ಸಂಪ್ರದಾಯವನ್ನು ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಮಠಗಳ ನೆರಳಿನಲ್ಲಿ ಕಂಡು ಬೆಳೆದವನಿಗೆ, ಆಂಗ್ಲಿಕನ್ ಸಭೆಯ ದೀಕ್ಷಾಸ್ನಾನ, ದೃಢೀಕರಣಗಳ ಜೋಡಿಯು ಪರಕೀಯವೆಂದು ತೋರಲಾರದು. ಎರಡರ ತತ್ತ್ವಗಳು ಭಿನ್ನವಾದರೂ, ಅರಿಯದ ವಯಸ್ಸಿನಲ್ಲಿ ಪಡೆದುದನ್ನು ಅರಿತ ವಯಸ್ಸಿನಲ್ಲಿ ತನ್ನದಾಗಿಸಿಕೊಳ್ಳಬೇಕೆಂಬ ಆಶಯವು ಎರಡೆಡೆಯೂ ಒಂದೇ.

ಗ್ರೀಕ್ ಮೂಲಪದಕ್ಕೆ 'ಮುಳುಗಿಸುವುದು' ಎಂದಷ್ಟೇ ಅರ್ಥವಿರಲು, ಕನ್ನಡದ ಪ್ರಾಟೆಸ್ಟಂಟರು 'ದೀಕ್ಷಾಸ್ನಾನ'ವೆಂದು ಕರೆದು ನೀರನ್ನೂ ವ್ರತವನ್ನೂ ಒಂದೇ ಸಮಾಸದಲ್ಲಿ ಹಿಡಿದಿಟ್ಟುದು, ನನ್ನ ಎಣಿಕೆಯಲ್ಲಿ, ಮೂಲಕ್ಕಿಂತಲೂ ಅರ್ಥಪೂರ್ಣವಾದ ಸೃಷ್ಟಿ. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾಗ್ರಂಥದ ಕ್ರಮದಲ್ಲಿ ಧರ್ಮಮಾತಾಪಿತರು ಕೂಸಿನ ಪರವಾಗಿ ಸೈತಾನನನ್ನೂ ಅವನ ಕ್ರಿಯೆಗಳನ್ನೂ ನಿರಾಕರಿಸಿ ವಿಶ್ವಾಸವನ್ನು ಒಪ್ಪಿಕೊಳ್ಳುತ್ತಾರೆ; ಬಳಿಕ ಪುರೋಹಿತರು ಕೂಸನ್ನು ಕೈಗೆತ್ತಿಕೊಂಡು, ಇದರ ಹೆಸರೇನೆಂದು ಕೇಳಿ, ಆ ಹೆಸರಿನಿಂದಲೇ ತ್ರಿಯೇಕ ದೇವರ ನಾಮದಲ್ಲಿ ಸ್ನಾನ ಮಾಡಿಸುತ್ತಾರೆ. ನಂಬುಗೆಯ ಪ್ರಮಾಣ, ಕರ್ತನ ಪ್ರಾರ್ಥನೆ, ದಶಾಜ್ಞೆಗಳನ್ನು ಕಲಿತೊಡನೆ ಆ ಮಗುವನ್ನು, ಹಸ್ತವಿಟ್ಟು ದೃಢೀಕರಿಸಲೆಂದು, ಬಿಷಪ್ಪರ ಬಳಿಗೆ ಕರೆತರಬೇಕೆಂಬ ಆದೇಶವೂ ಅಲ್ಲಿಯೇ ಇದೆ.

ಆದರೆ ಬಿಷಪ್ಪರು ಎಲ್ಲಿ? 1837ರಲ್ಲಿ ಸ್ಥಾಪಿತವಾದ ಮುಂಬಯಿ ಧರ್ಮಪ್ರಾಂತದ ಅಂಚಿನಲ್ಲಿ, 1869ರಲ್ಲಿ ಪ್ರತಿಷ್ಠಿತವಾದ ಬೆಳಗಾವಿ ದಂಡಿನ ಸೇಂಟ್ ಮೇರೀಸ್ ದೇವಾಲಯದಂತಹ ಸ್ಥಳಕ್ಕೆ ಅವರ ಹಸ್ತವು ದೂರದ್ದಾಗಿತ್ತು. ಇದೇ ಜಿಲ್ಲೆಯಲ್ಲಿ 1820ರಿಂದ ದುಡಿದ ಲಂಡನ್ ಮಿಷನ್ನಿನ ಕ್ಷೇತ್ರವನ್ನು ಮುಂದೆ ವಹಿಸಿಕೊಂಡ ಅಮೆರಿಕೆಯ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯು ಹೆಸರಿನಲ್ಲಿಯೇ ಬಿಷಪ್ಪರನ್ನು ಹೊತ್ತಿದ್ದರೂ, ಪೂರ್ಣಸದಸ್ಯತ್ವಕ್ಕೆ ಸೇರಿಸಿಕೊಳ್ಳುವ ಕಾರ್ಯವನ್ನು ಊರಿನ ಸಭಾಪಾಲಕರಿಗೇ ಬಿಟ್ಟಿತು. ಬಿಷಪ್ಪರ ಹಸ್ತವು ಒಂದೂರಿನ ಬಾಲಕನನ್ನು ಲೋಕವ್ಯಾಪಿಯಾದ ಸಭೆಯೊಡನೆ ಬೆಸೆಯುತ್ತದೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ ಆ ಹುಡುಗನಿಗೆ ಪಾಠ ಹೇಳಿ, ಅವನ ಸಂದೇಹಗಳನ್ನು ಕೇಳಿದವನ ಹಸ್ತಕ್ಕೂ ಅಲ್ಲಿ ಸ್ಥಾನವಿರಬೇಕು. 1947ರಲ್ಲಿ ಏರ್ಪಟ್ಟ ದಕ್ಷಿಣ ಭಾರತ ಸಭೆಯು ಬಿಷಪ್ಪರ ಜೊತೆಗೆ ಅಧಿಕಾರ ಪಡೆದ ಸಭಾಪಾಲಕರಿಗೂ ದೃಢೀಕರಣವನ್ನು ತೆರೆದಿಟ್ಟುದು ವಿವೇಕದ ನಡೆ.

ನನ್ನ ಆಕ್ಷೇಪವು ಇನ್ನೂ ಆಳದ್ದು. 1662ರ ದೃಢೀಕರಣದಲ್ಲಿ ಬಿಷಪ್ಪರು ನೆರೆದವರೆಲ್ಲರಿಗೂ ಒಂದೇ ಪ್ರಶ್ನೆಯನ್ನು ಹಾಕುತ್ತಾರೆ. ಒಬ್ಬೊಬ್ಬರೂ ಒಪ್ಪಿಗೆಯ ಒಂದು ಮಾತನ್ನಾಡಿದರೆ ತೀರಿತು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗಲೂ 'ನಿನ್ನ ಈ ಮಗು' ಎನ್ನುವರೇ ಹೊರತು ಹೆಸರು ಹೇಳುವುದಿಲ್ಲ. ಮಾತು ಬಾರದ ಕೂಸಿನ ಹೆಸರನ್ನು ಅಷ್ಟು ಅಕ್ಕರೆಯಿಂದ ಕೇಳಿದ ಕ್ರಮವು, ಸ್ವಂತ ಬಾಯಿಂದ ಉತ್ತರಿಸಬಲ್ಲವನಾಗಿ ಅದೇ ಮಗು ಮೊಣಕಾಲೂರಿದಾಗ ಆ ಹೆಸರನ್ನೇ ಕೈಬಿಟ್ಟಿತು.