ಕೊಬ್ಬು ಎಂಬ ಮಾತು

ನಮ್ಮ ಹಾನಗಲ್ಲ ಕಡೆ ಭತ್ತದ ಗದ್ದೆಗೆ ಯೂರಿಯಾ ಹೆಚ್ಚಾದರೆ ‘ಪೈರು ಕೊಬ್ಬೇತಿ’ ಎನ್ನುತ್ತಾರೆ. ಎಲೆ ಕಡುಹಸಿರು, ದಂಟು ಮೆತ್ತಗೆ. ಜೋರು ಗಾಳಿ ಬೀಸಿದರೆ ನೆಲಕ್ಕೊರಗುತ್ತದೆ, ಕಾಳೂ ಕಡಿಮೆ. ಸುಗ್ಗಿಯ ರಾಶಿ ನೋಡಿದರೆ ಆ ಮಾತು ನಿಜವೋ ಸುಳ್ಳೋ ತಿಳಿಯುತ್ತದೆ.

ಹಳಗನ್ನಡದ ‘ಕೊರ್ಬು’ ನಮ್ಮ ಬಾಯಲ್ಲಿ ಕೊಬ್ಬಾಯಿತು. ಮೈ ತುಂಬಿದ್ದಕ್ಕೂ ಅದೇ ಶಬ್ದ, ಗರ್ವಕ್ಕೂ ಅದೇ.

ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಈ ಗರ್ವವನ್ನು ಪರೀಕ್ಷೆಗಿಟ್ಟರು. ತಾನೇ ಮೇಲೆಂದ ಭತ್ತ, ಕೀಳೆನಿಸಿಕೊಂಡ ರಾಗಿ ಎರಡೂ ಆರು ತಿಂಗಳು ಸೆರೆಯಲ್ಲಿದ್ದವು. ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿ ಉಳಿಯಿತು. ತುಂಬಿದ ಸಭೆಯಲ್ಲಿ ಎದುರು ಮಾತಾಡಿದ ರಾಗಿಯನ್ನು ರಾಮ ಕೊಬ್ಬೆಂದು ತಳ್ಳಲಿಲ್ಲ, ಕಾದು ನೋಡಿದ. ಕಾವ್ಯದ ಹೆಚ್ಚುಗಾರಿಕೆ ಇರುವುದು ಆ ಕಾಯುವಿಕೆಯಲ್ಲೇ ಎಂದು ನನಗನಿಸುತ್ತದೆ.

ಮನೆಗಳಲ್ಲಿ ಮಾತ್ರ ಆ ತಾಳ್ಮೆ ಇಲ್ಲ. ಹತ್ತನೆಯ ತರಗತಿ ಮುಗಿಸಿದ ಹುಡುಗಿ ‘ಕಾಲೇಜಿಗೆ ಹೋಗತೇನಿ’ ಎಂದರೆ ಸಾಕು, ‘ಆಕಿಗೆ ಕೊಬ್ಬು ಭಾಳ ಆಗೇತಿ’ ಎಂಬ ತೀರ್ಪು ಸಿದ್ಧ. ಓದಲು ಹೊರಟ ಮಗನಿಗೆ ಈ ಮಾತು ಅಂಟುವುದನ್ನು ಶಿಕ್ಷಕಿಯಾಗಿ ನಾನು ಕೇಳಿಲ್ಲ. ಹೀಗೆನ್ನುವುದರಲ್ಲಿ ತಾಯಂದಿರೂ ಹಿಂದೆ ಬೀಳುವುದಿಲ್ಲ.

ಪೈರಿನ ಫಲಕ್ಕೆ ಸುಗ್ಗಿಯವರೆಗೆ ಕಾಯುವ ಜನ, ಮಗಳ ಬೆಳವಣಿಗೆಯನ್ನು ಮೊಳಕೆಯಲ್ಲೇ ಕೊಬ್ಬೆಂದು ಚಿವುಟುವುದು ಯಾವ ನ್ಯಾಯ, ಅಕ್ಕಂದಿರೇ?