ಟ್ರಂಕಿನ ಬೀಗ, ಕಂಪ್ಯೂಟರಿನ ಬೀಗ

ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬೂದಿಕೋಟೆಯಲ್ಲಿ ನಮ್ಮಜ್ಜಿಯ ಬಳಿ ಒಂದು ತಗಡಿನ ಟ್ರಂಕಿತ್ತು. ಬೀಗದಕೈ ಸದಾ ಸೊಂಟದಲ್ಲಿ. ಒಳಗೇನಿದೆ ಎಂದು ತಾತನೂ ಕೇಳಿದವರಲ್ಲ.

ನನ್ನ ಬರವಣಿಗೆ ಇರುವುದು ಮನೆಮಂದಿಯೆಲ್ಲ ಬಳಸುವ ಒಂದೇ ಕಂಪ್ಯೂಟರಿನಲ್ಲಿ. ತವರಿನ ಬಗ್ಗೆ ಬರೆದು ಅರ್ಧಕ್ಕೇ ಬಿಟ್ಟಿದ್ದ ನಾಲ್ಕು ಪುಟಗಳನ್ನು ಹಬ್ಬಕ್ಕೆ ಬಂದ ನೆಂಟರೊಬ್ಬರು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಆಮೇಲೆ ಎರಡು ತಿಂಗಳು ಒಂದಕ್ಷರ ಬರೆಯಲಿಲ್ಲ. ಫೋಲ್ಡರನ್ನು 'ಹಿಡನ್' ಮಾಡಿದ್ದೆ. ಅದನ್ನೇ ಬೀಗವೆಂದು ತಿಳಿದದ್ದು ನನ್ನ ತಪ್ಪು. 'ಹಿಡನ್ ಐಟಮ್ಸ್' ಎಂಬಲ್ಲಿ ಒಂದು ಗುರುತು ಹಾಕಿದರೆ ಮುಚ್ಚಿಟ್ಟದ್ದೆಲ್ಲ ಮಂಕಾಗಿ ಕಣ್ಣೆದುರು ಬರುತ್ತದೆ.

ವಿಂಡೋಸ್ ಮಾಡಿದವರ ಮೇಲೆ ನನ್ನ ದೂರು ಬೇರೆಯೇ ಇದೆ. ಒಬ್ಬರಿಗೊಂದು ಯಂತ್ರ ಎಂಬ ಲೆಕ್ಕ ಅವರದು. ಯಂತ್ರ ತೆರೆಯಲು ಪಾಸ್‌ವರ್ಡ್ ಉಂಟು, ಒಂದು ಫೋಲ್ಡರಿಗೆಂದೇ ಪಾಸ್‌ವರ್ಡ್ ಇಲ್ಲ. ಬೀದಿಬಾಗಿಲಿಗೆ ಚಿಲಕವಿಟ್ಟು ಬೀರುವಿಗೆ ಬೀಗವಿಡದ ಬಡಗಿಯ ಹಾಗೆ. ಬೇರೆ ಖಾತೆ ಮಾಡಿಕೊಳ್ಳಿ ಎನ್ನುತ್ತಾರೆ. ಮಾಡಿಕೊಂಡರೂ 'ಅಡ್ಮಿನಿಸ್ಟ್ರೇಟರ್' ಆದವರು ಒಳಗೆ ಇಣುಕಬಹುದು. ನಮ್ಮ ಮನೆಗಳಲ್ಲಿ ಆ ಯಜಮಾನ ಯಾರೆಂದು ಬಿಡಿಸಿ ಹೇಳಬೇಕೆ?

ಕಡೆಗೆ ದಕ್ಕಿದ್ದು ಸೆವೆನ್-ಜಿಪ್ ಎಂಬ ಪುಕ್ಕಟೆ ತಂತ್ರಾಂಶ. ಫೋಲ್ಡರನ್ನು ಗಂಟುಕಟ್ಟಿ, ಪಾಸ್‌ವರ್ಡ್ ಇಲ್ಲದೆ ಯಾರಿಗೂ ಓದಲಾಗದ ಗುಪ್ತಲಿಪಿಯಾಗಿ ಮಾಡುತ್ತದೆ. ಫೈಲುಗಳ ಹೆಸರನ್ನೂ ಮರೆಮಾಡುವ ಆಯ್ಕೆಯನ್ನು ಒತ್ತಲು ಮರೆಯಬೇಡಿ. 'ಅತ್ತೆ-2' ಎಂಬ ಹೆಸರೇ ಸಾಕಲ್ಲ, ರಾಮಾಯಣಕ್ಕೆ! ಗಂಟು ಕಟ್ಟಿದ ಮೇಲೂ ಮೂಲ ಫೈಲು ಇದ್ದಲ್ಲೇ ಇರುತ್ತದೆ. ಅದನ್ನು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಬೇಕು.

"ಮುಚ್ಚಿಡುವಂಥದ್ದು ನಿನಗೇನಿದೆ?" ಎಂದರು ನಮ್ಮವರು. ಕೋಪದಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು, ಖಾಸಗಿತನ ಮೂಲಭೂತ ಹಕ್ಕೆಂದು. ಅದು ಸರ್ಕಾರದ ಎದುರು ಗೆದ್ದ ಮಾತು. ನಡುಮನೆಯಲ್ಲಿ ನಾನೇ ವಾದಿಸಬೇಕಾಯಿತು. "ಅಜ್ಜಿಯ ಟ್ರಂಕಿನಲ್ಲೇನಿತ್ತು, ಹೇಳಿ ನೋಡೋಣ?" ಎಂದೆ. ಅವರು ಪತ್ರಿಕೆ ಮಡಿಸಿಟ್ಟು ಸುಮ್ಮನಾದರು.

ಈ ಪಾಸ್‌ವರ್ಡ್ ಮರೆತರೆ ತಂತ್ರಾಂಶ ಬರೆದವರೂ ತೆರೆದುಕೊಡಲಾರರು. ಅದಕ್ಕೇ ಚೀಟಿಯಲ್ಲಿ ಬರೆದು ಆ ಟ್ರಂಕಿನಲ್ಲಿಟ್ಟಿದ್ದೇನೆ. ಬೀಗದಕೈ ಈಗ ನನ್ನ ಬಳಿ ಇದೆ.