ಒಂದೇ ಜಾತಿ, ಎರಡು ಅಳತೆ

ಹಿಂಡಿನ ಮೀನನ್ನು ಒಂಟಿಯಾಗಿ ಸಾಕಬಾರದೆಂಬುದನ್ನು ಈ ಅಂಕಣದ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಆದರೆ ಬಲಿತ ಆರು ಡೆನಿಸನ್ ಬಾರ್ಬ್‌ಗಳಿರುವ ತೊಟ್ಟಿಗೆ ಅದೇ ಜಾತಿಯ ಎರಡು ಮರಿಗಳನ್ನು ಬಿಟ್ಟರೆ ಎಂಟರ ಹಿಂಡು ಸಿದ್ಧವೆಂಬ ಅಂಗಡಿಲೆಕ್ಕ ಇನ್ನೂ ಚಲಾವಣೆಯಲ್ಲಿದೆ. ಮೀನುಗಳು ಒಂದೆಡೆ ಸಡಿಲವಾಗಿ ಸೇರಿರುವುದು ಬರಿಯ ಜಮಾವಣೆ. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಅಂತರ ಕಾಯ್ದುಕೊಂಡು ಈಜುವುದು ಸಾಲುಹಿಂಡು. ಈ ಎರಡನೆಯದಕ್ಕೆ ಬೇಕಾದದ್ದು ಸಮವಯಸ್ಸಲ್ಲ, ಸಮ ಉದ್ದ. 12 ಸೆಂ.ಮೀ. ಉದ್ದದ ಮೀನು ಸಾವಕಾಶವಾಗಿ ಸೆಕೆಂಡಿಗೆ ಒಂದು ಮೈಯುದ್ದ ಸಾಗಿದರೂ 4 ಸೆಂ.ಮೀ.ನ ಮರಿ ಅದರ ಜೊತೆಗಿರಲು ಮೂರು ಮೈಯುದ್ದ ಸಾಗಬೇಕಾಗುತ್ತದೆ. ಸಾಲದ್ದಕ್ಕೆ, ಹಿಂಡಿನಲ್ಲಿ ಭಿನ್ನವಾಗಿ ಕಾಣುವ ಮೀನೇ ಬೇಟೆಗಾರನ ಕಣ್ಣಿಗೆ ಮೊದಲು ಬೀಳುವುದರಿಂದ ತನ್ನಳತೆಯವರನ್ನೇ ಹುಡುಕುವ ಸ್ವಭಾವ ಮರಿಗಳಲ್ಲಿ ಬೇರೂರಿದೆ. ಬೇಟೆಗಾರನೇ ಇಲ್ಲದ ಗಾಜಿನ ತೊಟ್ಟಿಯಲ್ಲೂ ಅದು ಅಳಿಯುವುದಿಲ್ಲ. ಎರಡೇ ಮರಿಗಳು ಫಿಲ್ಟರಿನ ಹಿಂದೆ ಅಡಗುವುದನ್ನು ‘ಹೊಸ ಜಾಗ, ಒಗ್ಗಿಕೊಳ್ಳುತ್ತವೆ’ ಎಂದು ಸಮಾಧಾನಿಸುವವರು ಆಹಾರ ಹಾಕುವ ಹೊತ್ತಿನಲ್ಲಿ ನೋಡಬೇಕು: ದೊಡ್ಡವು ಮೇಲ್ಗಡೆಯೇ ಎಲ್ಲವನ್ನೂ ಕಬಳಿಸಿರುತ್ತವೆ.

ಹಾಗೆಂದು ದೊಡ್ಡದನ್ನೂ ಚಿಕ್ಕದನ್ನೂ ಎಂದೂ ಬೆರೆಸಬಾರದೆಂಬ ಮಡಿವಂತರ ಪಂಥವನ್ನೂ ಒಪ್ಪಬೇಕಿಲ್ಲ. ಮರಿಗಳನ್ನು ಆರೇಳರ ಗುಂಪಾಗಿಯೇ ತಂದು, ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ದೊಡ್ಡವುಗಳ ಮುಕ್ಕಾಲು ಉದ್ದಕ್ಕೆ ಬೆಳೆದ ಮೇಲೆ ಬಿಟ್ಟರೆ ಎರಡು ಹಿಂಡುಗಳು ತಾವಾಗಿಯೇ ಬೆರೆಯುವ ಸಂಭವ ಹೆಚ್ಚು. ಹಿಂಡು ಸಾಲಾಗಿ ಈಜುವಷ್ಟು ಉದ್ದನೆಯ ತೊಟ್ಟಿಯಿಲ್ಲದವರು ಈ ಮೀನಿನ ಆಸೆಯನ್ನೇ ಬಿಡುವುದು ಲೇಸು.

ಆದರೆ ಈ ಮೀನಿನ ಹೆಸರಿನ ಕತೆ ತೊಟ್ಟಿಯ ಲೆಕ್ಕಕ್ಕಿಂತ ರುಚಿಕರವಾದದ್ದು. 1865ರಲ್ಲಿ ಮತ್ಸ್ಯವಿಜ್ಞಾನಿ ಫ್ರಾನ್ಸಿಸ್ ಡೇ ಇದನ್ನು ವಿವರಿಸಿ, ಆಗ ಮದರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ ಹೆಸರನ್ನು ಅದಕ್ಕಿಟ್ಟನು. ಡೇ ಸೇರಿಸಿದ ‘ಲೇಬಿಯೊ’ ಕುಲದಿಂದ ಮುಂದೆ ‘ಪುಂಟಿಯಸ್’ಗೆ ದಾಟಿದ ಮೀನಿಗೆ 2013ರಲ್ಲಿ ‘ಸಹ್ಯಾದ್ರಿಯ’ ಎಂಬ ಹೊಸ ಕುಲನಾಮ ದೊರೆಯಿತು. ಹೀಗೆ ನೆಲದ ಹೆಸರು ಮುಂದೆ ಬಂದರೂ ಗವರ್ನರ್ ಹಿಂದೆಯೇ ಅಂಟಿಕೊಂಡಿದ್ದಾನೆ. ಅಂಗಡಿಯವರಿಗಂತೂ ಇದು ‘ಮಿಸ್ ಕೇರಳ’. ಅದು ವಾಸಿಸುವ ಚಂದ್ರಗಿರಿ, ವಳಪಟ್ಟಣಂ ಹೊಳೆಗಳು ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ ಎಂಬುದು ಹೆಸರಿಟ್ಟವರ ಗಮನಕ್ಕೆ ಬಂದಂತಿಲ್ಲ.